ಜಗಲಿಯ ಮಾತು: ಚೆಂಡಿನ ಹಿಂದೆ ಹೋದವರು

ಈ ತಿಂಗಳ ಜಗಲಿಯ ಮಾತು ಚೆಂಡಾಟವನ್ನು ಕುರಿತದ್ದೆಂದು ಕಂಡೊಡನೆ ನಮ್ಮ ವಾಚಕ ಸೋದರಿಯರಲ್ಲಿ ಕೆಲವರು ಹಾಳೆ ತಿರುವಿ ಮುಂದಕ್ಕೆ ಹೋಗಲೆಳಸಬಹುದು. ಅವರು ಸ್ವಲ್ಪ ತಾಳಬೇಕೆಂದು ನಮ್ಮ ಬಿನ್ನಹ. ಆಟದ ನೈಪುಣ್ಯವನ್ನು ವರ್ಣಿಸುವ ಯೋಗ್ಯತೆ ನಮಗಿಲ್ಲ. ನಾವು ಹೇಳಹೊರಟಿರುವುದು ಆಡಿದವರಿಗಿಂತ ಹೆಚ್ಚಾಗಿ ಆಟವನ್ನು ನೋಡಲು ಹೋದವರ ವಿಷಯ. ಅದರಲ್ಲಿಯೂ ದೊಡ್ಡ ಪಟ್ಟಣದ ಕ್ರೀಡಾಂಗಣದಲ್ಲಿ ಟಿಕೆಟು ಕೊಂಡು ಕುಳಿತು ಕೂಗುವ ಸಹಸ್ರಾರು ಮಂದಿಯ ವಿಷಯವಲ್ಲ. ಶಾಗ್ಯದಿಂದ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದ ಇಬ್ಬರ ವಿಷಯ. ಆ ಇಬ್ಬರಲ್ಲಿ ಒಬ್ಬರು ಎಪ್ಪತ್ತು ದಾಟಿದ ವೃದ್ಧೆ, ಇನ್ನೊಬ್ಬರು ನಾವು.

ಶಾಗ್ಯವು ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೋಕಿನ ಗ್ರಾಮ. ಹನೂರು ಪ್ರತ್ಯೇಕ ತಾಲ್ಲೋಕಾಗುವುದಕ್ಕೆ ಮುಂಚೆ ಅದು ಕೊಳ್ಳೇಗಾಲಕ್ಕೆ ಸೇರಿದ್ದಿತು. ನಮ್ಮ ಚಿಕ್ಕಮ್ಮನ ಮಗಳನ್ನು ಅಲ್ಲಿಗೆ ಕೊಟ್ಟಿದೆ. ಅವರದು ರೇಷ್ಮೆಹುಳು ಸಾಕುವ ಮನೆ. ಆಕೆಯ ಹಿರಿಯ ಮಗಳು ಆಗ ಕೊಳ್ಳೇಗಾಲದ ಒಂದು ಚಿಕ್ಕ ಕಾಲೇಜಿನಲ್ಲಿ ಬಿ.ಎ. ಎರಡನೆಯ ವರುಷದಲ್ಲಿ ಓದುತ್ತಿದ್ದಳು. ಹುಡುಗಿ ಎತ್ತರದ ಆಳು. ವ್ಯಾಯಾಮದ ಅಧ್ಯಾಪಕರು ಅದೊಂದೇ ಕಾರಣದಿಂದ ಅವಳನ್ನು ಕರೆದು ಕೈಗೆ ಚೆಂಡು ಕೊಟ್ಟರಂತೆ. ಅದಕ್ಕೆ ಮುಂಚೆ ಅವಳು ಬ್ಯಾಸ್ಕೆಟ್‌ಬಾಲನ್ನು ಚಿತ್ರದಲ್ಲಿ ಮಾತ್ರ ನೋಡಿದ್ದಳು. ಕಾಲೇಜಿನ ಹಿಂದೆ ಬಿರುಕುಬಿಟ್ಟ ಸಿಮೆಂಟಿನ ನೆಲ, ಎರಡು ಕಂಬ, ಬಲೆ ಹರಿದುಹೋದ ಎರಡು ಬಳೆ. ಇಷ್ಟೇ ಅವರ ಆಟದ ಅಂಗಳ. ತಂಡಕ್ಕೆ ಹನ್ನೆರಡು ಮಂದಿಯನ್ನು ಸೇರಿಸಬಹುದಾದರೂ ಆ ಕಾಲೇಜಿನಲ್ಲಿ ದೊರೆತವರು ಏಳು ಜನ ಹುಡುಗಿಯರು. ಈ ಏಳು ಎಂಬ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಡಬೇಕು.

ಇದು ಕೊರೋನಾ ಪಿಡುಗಿಗೆ ಮುಂಚಿನ ಮಾತು. ಅಂತರ ಕಾಲೇಜು ಪಂದ್ಯ ಚಾಮರಾಜನಗರದಲ್ಲಿ ಗೊತ್ತಾಯಿತು. ಹುಡುಗಿಯ ದುರದೃಷ್ಟ, ಅದೇ ವಾರದಲ್ಲಿ ಮನೆಯಲ್ಲಿ ಹುಳು ನಾಲ್ಕನೆಯ ಜ್ವರ ಎದ್ದು ದಿನಗಳಾಗಿದ್ದುವು. ರೇಷ್ಮೆ ಸಾಕಿದವರಿಗೆ ವಿವರಿಸಬೇಕಾಗಿಲ್ಲ. ಸಾಕದವರಿಗೆ ಹೇಳುವುದಾದರೆ, ನಾಲ್ಕು ಸಲ ಪೊರೆ ಬಿಟ್ಟ ಹುಳು ಆಮೇಲೆ ಒಂದು ವಾರ ಹಗಲಿರುಳೆನ್ನದೆ ಸೊಪ್ಪು ಮೇಯುವುದು. ಅನಂತರ ಮೇವು ಬಿಟ್ಟು ಮೈ ತಿಳಿಯಾಗಿ ಹಣ್ಣಾಗುವುದು. ಹಣ್ಣಾದ ಹುಳುವನ್ನು ಆಯ್ದು ಆಯ್ದು ಚಂದ್ರಿಕೆಗೆ ಬಿಡದಿದ್ದರೆ ಅದು ಸಿಕ್ಕಸಿಕ್ಕಲ್ಲಿ ನೂಲು ಸುತ್ತಿ ಬೆಳೆ ಕೆಡುವುದು. ಆ ದಿನ ಮನೆಯವರು ಮದುವೆಗೂ ಹೋಗರು, ಸಾವಿಗೂ ಹೋಗುವುದು ಕಷ್ಟ. ತಾಯಿ ತಂದೆ ಇಬ್ಬರೂ ಬರಲಾರೆವೆಂದರು. ಬರುವವರಿಲ್ಲದೆ ಮಗಳನ್ನು ಕಳುಹಿಸುವುದಕ್ಕೂ ಮನಸ್ಸಿಲ್ಲ. ಆಗ ನಮ್ಮ ತಂಗಿಯ ಅತ್ತೆಯವರು, ಎಂದರೆ ಹುಡುಗಿಯ ಅಜ್ಜಿ, ಜಗಲಿಯಿಂದಲೇ, “ನಾನು ಹೋಗಿಬತ್ತೀನಿ. ಹುಳ ಆಯೋದಕ್ಕೆ ನನಗೆ ಕಣ್ಣು ಕಾಣಿಸಾಕಿಲ್ಲ, ಚೆಂಡು ಕಾಣಿಸದೆ ಇದ್ದಾತ?” ಎಂದರು. ಜೊತೆಗೆ ಹೋಗಲು ನಮ್ಮನ್ನು ಕರೆಸಿದರು.

ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸಿ ಯಳಂದೂರು, ಸಂತೆಮರಹಳ್ಳಿಯ ಮಾರ್ಗವಾಗಿ ಹೊರಟೆವು. (ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಚಾರ್ಜಿಲ್ಲವೆಂದಾದುದು 2023ರ ಜೂನಿನಲ್ಲಿ. ಅಂದು ಅಜ್ಜಿ ಸೆರಗಿನ ಗಂಟು ಬಿಚ್ಚಿ ಇಬ್ಬರಿಗೂ ತಾವೇ ಕೊಟ್ಟರು, ನಮ್ಮನ್ನು ಕೊಡಗೊಡಲಿಲ್ಲ.) ಯಳಂದೂರು ಸಂಚಿಯ ಹೊನ್ನಮ್ಮನ ಊರು. ಮುನ್ನೂರು ವರುಷಗಳಿಗೂ ಹಿಂದೆ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಊಳಿಗದಲ್ಲಿದ್ದ ಆ ಕವಯಿತ್ರಿ ‘ಹದಿಬದೆಯ ಧರ್ಮ’ದಲ್ಲಿ ಪತಿವ್ರತೆಯ ನಡತೆಯನ್ನು ಹೇಳುತ್ತ, ಹೆಣ್ಣೆಂದು ಹೀಗಳೆಯುವವರನ್ನು ನಡುವೆ ನಿಲ್ಲಿಸಿ ಕೇಳಿರುವಳು. ಊರು ದಾಟುವಾಗ ಇದನ್ನು ಅಜ್ಜಿಗೆ ಹೇಳಿದೆವು. ಅವರ ಗಮನ ಬೇರೆ ಕಡೆಗಿದ್ದಿತು. “ಅದಿರಲಿ ಕಣವ್ವ, ಈ ಆಟ ಏನು? ಬುಡ ಇಲ್ಲದ ಮಂಕರಿಗೆ ಚೆಂಡು ಹಾಕಿದರೆ ನಿಂತದಾ?”

ಈ ಪ್ರಶ್ನೆ ತೋರುವಷ್ಟು ಅಮಾಯಕವಾದುದಲ್ಲ. ಮೊಟ್ಟಮೊದಲು ಮಂಕರಿಗೆ ಬುಡ ಇದ್ದೇ ಇದ್ದಿತು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೇಯ್‌ಸ್ಮಿತ್ ಎಂಬ ಅಧ್ಯಾಪಕನಿಗೆ, ಚಳಿಗಾಲದಲ್ಲಿ ಮನೆಯೊಳಗೆ ಆಡಬಹುದಾದ ಹೊಸ ಆಟವೊಂದನ್ನು ಕಲ್ಪಿಸುವ ಕೆಲಸ ಬಿದ್ದಿತು. ಅವನು ಶಾಲೆಯ ಕೆಲಸಗಾರನನ್ನು ಎರಡು ಪೆಟ್ಟಿಗೆ ಕೇಳಿದನು. ಪೆಟ್ಟಿಗೆ ಇರಲಿಲ್ಲ, ಪೀಚ್ ಹಣ್ಣಿನ ಬುಟ್ಟಿಗಳು ದೊರೆತುವು. ಅವನ್ನು ಹತ್ತಡಿ ಎತ್ತರದಲ್ಲಿ ಮೊಳೆ ಹೊಡೆದು ನಿಲ್ಲಿಸಿ, 13 ನಿಯಮಗಳನ್ನು ಬರೆದು, ಒಂದೊಂದು ಕಡೆಗೆ ಒಂಬತ್ತು ಜನರಂತೆ ಆಡಿಸಿದನು. ಇಡೀ ಆಟದಲ್ಲಿ ಚೆಂಡು ಬುಟ್ಟಿಗೆ ಬಿದ್ದುದು ಒಂದೇ ಸಲ. ಬಿದ್ದ ಚೆಂಡನ್ನು ಮೇಲೆ ಹತ್ತಿ ತೆಗೆಯಬೇಕಾಗಿದ್ದಿತು. ಬುಡ ತೆಗೆಯುವ ಬುದ್ಧಿ ಆಮೇಲೆ ಬಂದಿತು. ಅಜ್ಜಿ ಇದನ್ನು ಕೇಳಿ, ಹಾಗಾದರೆ ಆ ಮೇಷ್ಟ್ರಿಗೂ ತಮಗೆ ಬಂದ ಯೋಚನೆಯೇ ಬಂದಿತ್ತೆಂದು ಸಂತೋಷಪಟ್ಟರು.

ನಮ್ಮ ದೇಶದಲ್ಲಿ ಈ ಆಟವನ್ನು ಹರಡಿದುದೂ ಆ ಸಂಸ್ಥೆಯವರೇ. 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬುವರು ಮದರಾಸಿನಲ್ಲಿ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣ ಶಾಲೆಯನ್ನು ತೆರೆದರು. ಆಗ ಕೊಳ್ಳೇಗಾಲವು ಮೈಸೂರಿಗಲ್ಲ, ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಮೈಸೂರಿಗೆ ಬಂದುದು 1956ರಲ್ಲಿ. ಹೀಗಾಗಿ ಆಟ ನಮ್ಮ ಸೀಮೆಯ ಅಂದಿನ ರಾಜಧಾನಿಗೆ ಬಂದಿಳಿದಿದ್ದಿತು. ಆದರೂ ಅಲ್ಲಿಂದ ಶಾಗ್ಯದ ಒಂದು ಮನೆಯ ಹೊಸ್ತಿಲಿಗೆ ಬರುವುದಕ್ಕೆ ಅದು ಸುಮಾರು ನೂರು ವರುಷ ತೆಗೆದುಕೊಂಡಿತು.

ಪಂದ್ಯದ ಏರ್ಪಾಡನ್ನು ಎರಡು ಮಾತಿನಲ್ಲಿ ಹೇಳಬೇಕು. ಆ ದಿನಗಳಲ್ಲಿ ಜಿಲ್ಲೆಯ ಕಾಲೇಜುಗಳು 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದುವು. ಚಾಮರಾಜನಗರಕ್ಕೆ ಬೇರೆ ವಿಶ್ವವಿದ್ಯಾನಿಲಯವೆಂದಾದುದು 2023ರಲ್ಲಿ. ಅಂತರ ಕಾಲೇಜು ಪಂದ್ಯಗಳಲ್ಲಿ ಚೆನ್ನಾಗಿ ಆಡಿದವರನ್ನು ವಿಶ್ವವಿದ್ಯಾನಿಲಯದ ತಂಡಕ್ಕೆ ಆರಿಸುವರು. ಆ ತಂಡ ದಕ್ಷಿಣ ವಲಯದ ಇತರ ವಿಶ್ವವಿದ್ಯಾನಿಲಯಗಳೊಡನೆ ಆಡುವುದು. ಅಲ್ಲಿ ಮೇಲಾದವರು ಅಖಿಲ ಭಾರತದ ಪಂದ್ಯಕ್ಕೆ ಹೋಗುವರು. ಎಂದರೆ ಬಿರುಕುಬಿಟ್ಟ ಸಿಮೆಂಟಿನ ನೆಲದಿಂದ ದೇಶದ ಕಣ್ಣಿಗೆ ಬೀಳುವವರೆಗೆ ಒಂದು ಏಣಿ ಇದೆ. ಆದರೆ ಸೋತವರು ಆ ದಿನವೇ ಮನೆಗೆ. ಅಮೆರಿಕದಲ್ಲಿಯೂ ಚಿಕ್ಕ ಕಾಲೇಜುಗಳು ನೆರೆಹೊರೆಯವರೆಲ್ಲ ಒಂದು ಕೂಟ ಕಟ್ಟಿಕೊಂಡು, ವರುಷದ ಕೊನೆಗೆ ತಮ್ಮತಮ್ಮಲ್ಲೇ ಪಂದ್ಯಾವಳಿ ನಡೆಸಿ, ಗೆದ್ದವರನ್ನು ದೊಡ್ಡ ಪಂದ್ಯಕ್ಕೆ ಕಳುಹಿಸುವುದುಂಟು. ಚಿಕ್ಕ ಕಾಲೇಜುಗಳಿಗೆಂದೇ ರಾಷ್ಟ್ರಮಟ್ಟದ ಪಂದ್ಯಾವಳಿಯೊಂದನ್ನು 1937ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಆರಂಭಿಸಿದವರಲ್ಲಿ ಮುದುಕನಾಗಿದ್ದ ಅದೇ ನೇಯ್‌ಸ್ಮಿತ್ ಒಬ್ಬನು. ಮೊದಲ ವರುಷ ಬಂದುವು ಎಂಟೇ ಕಾಲೇಜು.

ನಾವು ಸೇರಿದಾಗ ಮೋಡ ಕವಿದಿದ್ದಿತು. ನೋಡುವವರನ್ನು ಎಣಿಸಿದೆವು: ಐವತ್ತಕ್ಕೆ ಒಳಗೆ. ಅವರಲ್ಲಿ ಅರ್ಧ ಆಡಿ ಸೋತ ತಂಡಗಳ ಹುಡುಗಿಯರು, ಉಳಿದವರು ಆ ಕಾಲೇಜಿನ ಜವಾನರು, ಅಧ್ಯಾಪಕರು, ಗೋಡೆಯ ಮೇಲೆ ಕುಳಿತ ಹುಡುಗರು. ಮನೆಯಿಂದ ಬಂದವರೆಂದರೆ ನಾವಿಬ್ಬರು, ಯಳಂದೂರಿನ ಕಡೆಯ ಒಬ್ಬ ತಂದೆ, ಇನ್ನೊಬ್ಬಳ ಅಣ್ಣ. ಆ ತಂದೆ ಎದುರು ತಂಡದವರ ಪೈಕಿ. ಮಾತನಾಡಿದಾಗ ಅಜ್ಜಿಯ ತವರಿನ ಕಡೆಯಿಂದ ನಂಟಸ್ತಿಕೆಯೂ ಹೊರಟಿತು. ಎಲೆಯಡಿಕೆಯನ್ನು ಹಂಚಿಕೊಂಡು ಇಬ್ಬರೂ ಬೇರೆ ಬೇರೆ ಕಡೆಗೆ ಕುಳಿತರು.

ಇಂತಹ ಕಡೆಯಲ್ಲಿ ನೋಡುವವರ ಪಾಡು ದೊಡ್ಡ ಕ್ರೀಡಾಂಗಣದವರ ಹಾಗಲ್ಲ. 2017ರ ಜುಲೈಯಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಏಷ್ಯಾ ಕಪ್ಪಿನ ಬಿ ವಿಭಾಗದ ಅಂತಿಮ ಪಂದ್ಯದಲ್ಲಿ ಭಾರತದ ವನಿತೆಯರು ಕಜಕಸ್ತಾನವನ್ನು 75–73ರಿಂದ ಗೆದ್ದು ಎ ವಿಭಾಗಕ್ಕೆ ಏರಿದರು. ಆ ಆಟವನ್ನು ನಮ್ಮ ಹುಡುಗಿ ಮೊಬೈಲಿನಲ್ಲಿ ಎಷ್ಟು ಸಲ ನೋಡಿದ್ದಳೋ ಅವಳಿಗೇ ಲೆಕ್ಕವಿರಲಿಲ್ಲ. ಅಲ್ಲಿ ಒಬ್ಬನ ಕೂಗು ಸಾವಿರ ಕೂಗಿನಲ್ಲಿ ಕರಗಿಹೋಗುವುದು. ಇಲ್ಲಿ ಒಬ್ಬೊಬ್ಬರ ದನಿಯೂ ಅಂಗಳದ ನಡುವಿಗೆ ಕೇಳುವುದು. ಯಾರ ದನಿ ಎಂಬುದೂ ತಿಳಿಯುವುದು. ನಮ್ಮ ಹುಡುಗಿ ಮೊದಲ ಚೆಂಡನ್ನು ಬುಟ್ಟಿಗೆ ಹಾಕಿದಾಗ ಅಜ್ಜಿ ಎದ್ದು ನಿಂತು, ಮಾದಪ್ಪನ ಬೆಟ್ಟಕ್ಕೆ ಹತ್ತುವಾಗ ಕೂಗುವ ಹಾಗೆಯೇ, “ಉಘೇ ಮಾದಪ್ಪ!” ಎಂದರು. ಅಂಗಳವೆಲ್ಲ ಅರೆಗಳಿಗೆ ಸ್ತಬ್ಧವಾಯಿತು. ಆಮೇಲೆ ಗೋಡೆಯ ಮೇಲಿನ ಹುಡುಗರು “ಉಘೇ ಉಘೇ” ಎಂದು ಮರುದನಿ ಕೊಟ್ಟರು. ಅಲ್ಲಿಂದ ಮುಂದೆ ಯಾವ ತಂಡ ಚೆಂಡು ಹಾಕಿದರೂ ಉಘೇ. ಎದುರು ಪಕ್ಷದ ಆ ತಂದೆಯೂ ಬಿಡಲಿಲ್ಲ. ಮಾದಪ್ಪ ಎರಡೂ ತಂಡಕ್ಕೆ ಸೇರಿದವನಾದುದರಿಂದ ಆಕ್ಷೇಪಣೆ ಹೇಳುವವರಿರಲಿಲ್ಲ.

ಮೊದಲ ಆಟವನ್ನು ನಮ್ಮವರು ಸುಲಭವಾಗಿ ಗೆದ್ದರು. ಎರಡನೆಯದರ ನಡುವೆ ಮಳೆ ಬಂದಿತು. ಸಿಮೆಂಟಿನ ನೆಲ ಒದ್ದೆಯಾದರೆ ಕಾಲು ನಿಲ್ಲದು. ಮಳೆ ನಿಂತ ಮೇಲೆ ಹುಡುಗಿಯರೇ ಗೋಣಿಚೀಲ ತಂದು ನೀರು ಒರಸಿದರು. ಎರಡು ತಂಡದವರೂ ಸಾಲಾಗಿ ಬಗ್ಗಿ ಒರಸುತ್ತಿದ್ದುದನ್ನು ನೋಡಿ ಅಜ್ಜಿ, “ಇದು ಮನೆ ಕೆಲಸವೇ ಆಯಿತಲ್ಲ” ಎಂದರು. ಒಂದೂವರೆ ಗಂಟೆ ಹೋಯಿತು. ಕೊನೆಯ ನಿಮಿಷದಲ್ಲಿ 27–27. ಎದುರಿನವಳು ತಪ್ಪು ಮಾಡಿದುದರಿಂದ ನಮ್ಮ ಹುಡುಗಿಗೆ ಎರಡು ಬಿಡಿ ಎಸೆತಗಳು ದೊರೆತುವು. ಒಂದೊಂದಕ್ಕೆ ಒಂದು ಅಂಕ. ಈ ಎಸೆತದಲ್ಲಿ ಯಾರೂ ಅಡ್ಡ ಬರುವಂತಿಲ್ಲ. ಗೆರೆಯ ಹಿಂದೆ ಒಬ್ಬಳೇ ನಿಂತು, ಎಲ್ಲರೂ ನೋಡುತ್ತಿರಲಾಗಿ ಎಸೆಯಬೇಕು. ಮೊದಲನೆಯದು ಬಳೆಯ ಅಂಚಿಗೆ ತಗಲಿ ಹೊರಕ್ಕೆ ಬಿದ್ದಿತು. ಅವಳು ಒಮ್ಮೆ ತಿರುಗಿ ನಮ್ಮ ಕಡೆ ನೋಡಿದಳು. ಅಜ್ಜಿ ಕೂಗಲಿಲ್ಲ, ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ತಲೆಯಾಡಿಸಿದರು, ಅಷ್ಟೆ. ಎರಡನೆಯದು ಒಳಕ್ಕೆ ಬಿದ್ದಿತು.

ಗೆದ್ದ ಸಂತೋಷ ಹತ್ತು ನಿಮಿಷ ಇದ್ದಿತು. ಬೆಳಕು ಹೋದುದರಿಂದ ಅಂತಿಮ ಪಂದ್ಯವನ್ನು ಮರುದಿನ ಬೆಳಗ್ಗೆ ಎಂಟಕ್ಕೆ ಇಟ್ಟಿರುವುದಾಗಿ ಹೇಳಿದರು. ತಂಗುವುದಕ್ಕೆ ಯಾರೂ ಏರ್ಪಾಡು ಮಾಡಿರಲಿಲ್ಲ; ಸಂಜೆಗೆ ಎಲ್ಲ ಮುಗಿಯುವುದೆಂದೇ ಎಲ್ಲರ ಎಣಿಕೆ. ಹುಡುಗಿಯರು ಮೊಬೈಲು ಹಿಡಿದು ಮೂಲೆಮೂಲೆಗೆ ಹೋದರು. ಅವರ ಮುಖ ನೋಡಿದರೆ ಅತ್ತಲಿನ ಉತ್ತರ ಗೊತ್ತಾಗುತ್ತಿದ್ದಿತು. ಏಳರಲ್ಲಿ ಮೂವರಿಗೆ, ಕೊನೆಯ ಬಸ್ಸಿಗೆ ಹೊರಟುಬರತಕ್ಕದ್ದೆಂದು ಅಪ್ಪಣೆಯಾಯಿತು. ಬ್ಯಾಸ್ಕೆಟ್‌ಬಾಲಿನ ನಿಯಮವು ಈ ವಿಷಯದಲ್ಲಿ ಕಠಿಣವಾದುದು: ಅಂಗಳದಲ್ಲಿ ಐವರು ಸಿದ್ಧರಾಗಿ ನಿಲ್ಲದೆ ಆಟ ಆರಂಭವಾಗದು, ಗೊತ್ತಾದ ಹೊತ್ತಿನಿಂದ ಹದಿನೈದು ನಿಮಿಷ ಕಾದು ಎದುರಿನವರಿಗೆ 20–0 ಎಂದು ಜಯ ಕೊಟ್ಟುಬಿಡುವರು. ಏಳರಲ್ಲಿ ಮೂರು ಹೋದರೆ ನಾಲ್ಕು.

ಮನೆಯವರನ್ನು ನಾವು ದೂರುವುದಿಲ್ಲ. ಹೆಣ್ಣುಮಗಳು ಬೇರೆ ಊರಿನಲ್ಲಿ ರಾತ್ರಿ ಎಲ್ಲಿ ಮಲಗುವಳು, ಜೊತೆಗೆ ಯಾರು, ಬಾಗಿಲಿಗೆ ಅಗುಳಿ ಇದೆಯೇ ಎಂದು ಕೇಳದ ತಾಯಿತಂದೆಗಳು ಯಾರು? ಕೇಳಿದಾಗ ಉತ್ತರ ಹೇಳಬಲ್ಲವರು ಅಲ್ಲಿ ಇರಲಿಲ್ಲ, ಇದೇ ದೋಷ. ವ್ಯಾಯಾಮದ ಅಧ್ಯಾಪಕರು ಸಜ್ಜನರು; ಆದರೆ ಗಂಡಸರು, ಒಬ್ಬರೇ. ಅವರು ಫೋನಿನಲ್ಲಿ ಎಷ್ಟು ಹೇಳಿದರೂ ಅತ್ತಲಿನಿಂದ ಬಂದುದು, “ಮೇಷ್ಟ್ರೇ, ನಿಮ್ಮ ಮಾತಿಗೆ ಎದುರಾಡೋದಿಲ್ಲ, ಆದರೂ ಕಳಿಸಿಬಿಡಿ” ಎಂಬ ಒಂದೇ ಮಾತು.

ಇಂತಹ ಸಂಕಟ ನಮ್ಮ ಹಳ್ಳಿಯ ಕಾಲೇಜುಗಳಿಗೆ ಮಾತ್ರ ಬರುವುದೆಂದು ತಿಳಿಯಬಾರದು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಇಮ್ಯಾಕ್ಯುಲೇಟಾ ಎಂಬ ಹೆಣ್ಣುಮಕ್ಕಳ ಚಿಕ್ಕ ಕಾಲೇಜಿಗೆ 1972ರಲ್ಲಿ ರಾಷ್ಟ್ರಮಟ್ಟದ ಪಂದ್ಯಕ್ಕೆ ಕರೆ ಬಂದಾಗ, ದಾರಿಯ ಖರ್ಚಿಗೆ ಹಣವಿರಲಿಲ್ಲ. ಹುಡುಗಿಯರು ಹಲ್ಲುಜ್ಜುವ ಬ್ರಷ್ಷುಗಳನ್ನು ಮಾರಿ ಹಣ ಕೂಡಿಸಿದರು. ಆದರೂ ಎಂಟೇ ಮಂದಿ ಹೋಗಲು ಸಾಧ್ಯವಾಯಿತು. ಅದಕ್ಕೆ ಸ್ವಲ್ಪ ಮುಂಚೆ ನೆರೆಹೊರೆಯ ಕಾಲೇಜುಗಳ ಪಂದ್ಯದಲ್ಲಿ ವೆಸ್ಟ್ ಚೆಸ್ಟರ್ ಎಂಬವರು ಅವರನ್ನು 32 ಅಂಕಗಳಿಂದ ಸೋಲಿಸಿದ್ದರು. ರಾಷ್ಟ್ರಮಟ್ಟದ ಅಂತಿಮ ಪಂದ್ಯದಲ್ಲಿ ಮತ್ತೆ ಅದೇ ವೆಸ್ಟ್ ಚೆಸ್ಟರ್ ಎದುರಾಯಿತು. ಈ ಸಲ ಎಂಟು ಮಂದಿಯ ತಂಡ 52–48ರಿಂದ ಗೆದ್ದಿತು. ಮುಂದಿನ ಎರಡು ವರುಷವೂ ಅವರದೇ ಗೆಲುವು. ಅವರ ಆಟ ನೋಡಲು ಬರುತ್ತಿದ್ದವರು ತಗಡಿನ ಬಕೆಟ್ಟುಗಳನ್ನು ಕೋಲಿನಿಂದ ಬಡಿಯುತ್ತಿದ್ದರಂತೆ. ಬಡಿದವರಲ್ಲಿ ಆ ಸನ್ಯಾಸಿನಿಯರೂ ಸೇರಿದ್ದರೆಂಬುದು ನಮಗೆ ಬಹಳ ಹಿಡಿಸಿದ ಸಂಗತಿ.

ನಮ್ಮಲ್ಲಿ ಬಕೆಟ್ಟು ಇರಲಿಲ್ಲ; ಅಜ್ಜಿ ಇದ್ದರು. ಅವರು ಮೊದಲು ಆ ಮೂವರು ಹುಡುಗಿಯರನ್ನು ಕರೆದು ಯಾವ ಊರು, ಯಾರ ಮನೆ ಎಂದು ವಿಚಾರಿಸಿದರು. ಆಮೇಲೆ ನಮ್ಮ ಕೈಯಲ್ಲಿ ಒಂದೊಂದು ಮನೆಗೂ ಫೋನು ಹಚ್ಚಿಸಿ ತಾವೇ ಮಾತನಾಡಿದರು. “ನಾನು ಶಾಗ್ಯದವಳು ಕಣಪ್ಪ. ನನ್ನ ಮೊಮ್ಮಗಳೂ ಇಲ್ಲೇ ಅವಳೆ. ನಾನೂ ಇರ್ತೀನಿ, ನಮ್ಮ ಹೆಣ್ಣುಮಗಳು ಒಬ್ಬಳು ಇರ್ತಾಳೆ. ಬಾಗಿಲಿಗೆ ಅಡ್ಡ ನಾನೇ ಮಲಗ್ತೀನಿ. ನಾಳೆ ಹೊತ್ತು ನೆತ್ತಿಗೆ ಬರೋದರೊಳಗೆ ನಿಮ್ಮ ಮಗಳ ಕೈ ಹಿಡಿದು ಬಸ್ಸು ಹತ್ತಿಸ್ತೀನಿ.” ಮೊದಲ ಮನೆಯವರು ಕೂಡಲೆ ಒಪ್ಪಿದರು. ಎರಡನೆಯ ಮನೆಯಲ್ಲಿ ಹುಡುಗಿಯ ಅವ್ವನನ್ನು ಕರೆಯಿರೆಂದು, ಅವಳೊಡನೆ ಮೊದಲು ಮಳೆ ಬೆಳೆ ಮಾತನಾಡಿ, ಕೊನೆಗೆ ವಿಷಯಕ್ಕೆ ಬಂದು ಒಪ್ಪಿಸಿದರು. ಮೂರನೆಯ ಮನೆಯ ತಂದೆ ಒಪ್ಪಲಿಲ್ಲ. ಆ ಹುಡುಗಿ ಅಳುತ್ತಲೇ ಹೊರಟಳು. ಅಧ್ಯಾಪಕರು ಅವಳನ್ನು ಬಸ್ಸಿಗೆ ಬಿಟ್ಟುಬಂದರು. ಉಳಿದವರು ಆರು.

ಆ ರಾತ್ರಿ ಚಾಮರಾಜನಗರದಲ್ಲಿಯೇ ಇದ್ದ ನಮ್ಮ ಪರಿಚಯದವರ ಮನೆಯ ನಡುಮನೆಯಲ್ಲಿ ಎಂಟು ಮಂದಿ ಮಲಗಿದೆವು. ಮನೆಯಾಕೆ ಹೊತ್ತಲ್ಲದ ಹೊತ್ತಿನಲ್ಲಿ ಉಪ್ಪಿಟ್ಟು ಮಾಡಿ ಬಡಿಸಿದರು. ಹುಡುಗಿಯರು ಒದ್ದೆಯಾದ ಬೂಟುಗಳಿಗೆ ಹಳೆಯ ಪತ್ರಿಕೆಯನ್ನು ತುರುಕಿ ಒಲೆಯ ಬಳಿ ಇಟ್ಟರು. ಅಜ್ಜಿ ಕೊಟ್ಟ ಮಾತಿನಂತೆ ಬಾಗಿಲಿಗೆ ಅಡ್ಡವಾಗಿ ಮಲಗಿ, ಎಲ್ಲರಿಗಿಂತ ಮೊದಲು ಗೊರಕೆ ಹೊಡೆದರು.

ಮರುದಿನದ ಪಂದ್ಯವನ್ನು ವಿಸ್ತರಿಸುವುದಿಲ್ಲ. ಎದುರಿನವರಿಗೆ ಹನ್ನೆರಡು ಮಂದಿ. ದಣಿದವರನ್ನು ಕೂರಿಸಿ ಹೊಸಬರನ್ನು ಬಿಡುತ್ತಿದ್ದರು. ನಮ್ಮವರಿಗೆ ಬದಲಿಗೆ ಇದ್ದವಳು ಒಬ್ಬಳೇ. ಮೂರನೆಯ ಭಾಗದ ಕೊನೆಗೆ ನಮ್ಮ ಹುಡುಗಿಯ ಕಾಲು ನಡುಗುತ್ತಿದ್ದುದು ನಾವು ಕುಳಿತಲ್ಲಿಗೆ ಕಾಣುತ್ತಿದ್ದಿತು. ಆದರೂ ಬಿಡಲಿಲ್ಲ. 31–34, ಮೂರೇ ಅಂಕದಲ್ಲಿ ಸೋತರು. ಹಿಂದಿನ ದಿನ ಸೋತು ಮನೆಗೆ ಹೋಗಿದ್ದ ಆ ಯಳಂದೂರಿನ ಕಡೆಯ ತಂದೆ, ತಮ್ಮ ಮಗಳ ಆಟ ಇಲ್ಲದಿದ್ದರೂ, ಬೆಳಗ್ಗೆ ಏಳೂವರೆಗೆ ಮಗಳನ್ನು ಕರೆದುಕೊಂಡು ಬಂದು ನಮ್ಮ ಕಡೆ ಕುಳಿತಿದ್ದರು. ಏಕೆ ಬಂದಿರೆಂದರೆ, “ನಮ್ಮನ್ನ ಸೋಲಿಸಿದವರು ಗೆಲ್ತಾರೋ ನೋಡೋಣ ಅಂತ” ಎಂದರು.

ಕಾಲೇಜುಗಳ ನಡುವಣ ಹೆಣ್ಣುಮಕ್ಕಳ ಮೊದಲ ಪಂದ್ಯ ನಡೆದುದು 1896ರ ಏಪ್ರಿಲ್ 4ರಂದು, ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ. ಸ್ಟ್ಯಾನ್‌ಫರ್ಡಿನವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದವರನ್ನು 2–1ರಿಂದ ಗೆದ್ದರು. ಅಂದು ನೋಡಲು ಗಂಡಸರಿಗೆ ಪ್ರವೇಶವಿರಲಿಲ್ಲ. ತುಂಬಿ ನೆರೆದವರೆಲ್ಲ ಹೆಂಗಸರೇ. ಚಾಮರಾಜನಗರದ ಆ ಅಂಗಳದ ಸುತ್ತ ಹೆಂಗಸರನ್ನು ಯಾರೂ ತಡೆದಿರಲಿಲ್ಲ. ಬಂದವರು ನಾವಿಬ್ಬರೇ.

ಶಾಗ್ಯವನ್ನು ಸೇರಿದಾಗ ಮಧ್ಯಾಹ್ನ ಮೂರು ಗಂಟೆ. ಅಂಗಳದ ತುಂಬ ಚಂದ್ರಿಕೆಗಳನ್ನು ಒರಗಿಸಿದ್ದರು. ಹುಳು ಗೂಡು ಕಟ್ಟುತ್ತಿದ್ದಿತು. ಗೂಡಿನ ಒಳಗೆ ತಲೆಯಾಡಿಸುತ್ತಿದ್ದುದು ಇನ್ನೂ ಹೊರಕ್ಕೆ ಕಾಣುತ್ತಿದ್ದಿತು. ನಮ್ಮ ತಂಗಿ ಎರಡು ರಾತ್ರಿ ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿ ಕಂಬಕ್ಕೆ ಒರಗಿದ್ದಳು. ಮಗಳನ್ನು ಗೆದ್ದೆಯೋ ಸೋತೆಯೋ ಎಂದು ಕೇಳಲಿಲ್ಲ. ಮುಖ ನೋಡಿ ತಿಳಿದುಕೊಂಡಿದ್ದಳು. “ಎಷ್ಟರಲ್ಲಿ ಹೋಯಿತು?” ಎಂದಳು. ಮೂರು ಎಂದಳು ಹುಡುಗಿ. ಅಜ್ಜಿ, “ಆ ಏಳನೆಯವಳು ಇದ್ದಿದ್ದರೆ ನಮ್ಮದೇ” ಎಂದು ಹೇಳಿ ಕಾಲು ತೊಳೆಯಲು ಹೋದರು.

ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಕ್ಕ, ಬರುವ ವರ್ಷವೂ ಈ ಆಟ ಇದೇ ತಿಂಗಳಲ್ಲಿ ಬತ್ತದಾ?” ಎಂದು ನಮ್ಮನ್ನು ಕೇಳಿದಳು. ಬಹುಶಃ ಹೌದು, ಹತ್ತು ಹದಿನೈದು ದಿನ ಹಿಂದುಮುಂದಾಗಬಹುದು ಎಂದೆವು. ಅವಳು ಬೆರಳ ಗೆಣ್ಣುಗಳ ಮೇಲೆ ಹಿಂದಕ್ಕೆ ಎಣಿಸತೊಡಗಿದಳು: ಗೂಡು ಕಟ್ಟುವುದು, ಹಣ್ಣಾಗುವುದು, ನಾಲ್ಕು ಜ್ವರ, ಚಾಕಿ. ಮೊಟ್ಟೆ ಒಡೆದ ದಿನದಿಂದ ಹಣ್ಣಾಗುವವರೆಗೆ ಸುಮಾರು ಇಪ್ಪತ್ತೈದು ದಿನ. ಎಣಿಸಿ ಮುಗಿಸಿ, ಗಂಡನ ಕಡೆ ತಿರುಗಿ, “ಹಾಗಾದರೆ ಬರುವ ವರ್ಷ ಈ ಬೆಳೆಗೆ ಮೊಟ್ಟೆ ತರೋದು ಬ್ಯಾಡ, ಒಂದು ತಿಂಗಳು ಬಿಟ್ಟು ತರೋಣ” ಎಂದಳು.